ತಟ್ಟದಿದ್ದರೆ ದಾರಿ ಖಾಲಿ

ಬೈಕು ಅಂದರೆ ಹತ್ತಿ ಕೂರುವಂತಿರಬೇಕು. ಇದಕ್ಕೆ ಏಣಿ ಬೇಕಿತ್ತು. ಶೋರೂಮಿನ ನಟ್ಟನಡುವೆ, ಎರಡು ಪಕ್ಕಕ್ಕೂ ಅಲ್ಯೂಮಿನಿಯಂ ಪೆಟ್ಟಿಗೆ ಕಟ್ಟಿಕೊಂಡು, ಮೂತಿಯನ್ನು ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿಕೊಂಡು ಅದು ನಿಂತಿತ್ತು. ಹಿಂದಿನ ಸೀಟು ನನ್ನ ಎದೆಮಟ್ಟಕ್ಕಿತ್ತು. ನಮ್ಮ ಯಜಮಾನರು ಅದನ್ನು ಸುತ್ತಿ ಸುತ್ತಿ ನೋಡುತ್ತಿದ್ದರು. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಈ ಮನುಷ್ಯ ಇಷ್ಟು ನೋಡಿರಲಿಲ್ಲ.

"ಇದರ ಮೇಲೆ ಕೂತು ನಾವೆಲ್ಲಿಗೆ ಹೋಗ್ಬೇಕು? ಯುದ್ಧಕ್ಕಾ?" ಎಂದೆ.

"ಬೆಟ್ಟ, ಮರಳುಗಾಡು, ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ಹಿಂದೆ ಕೂತೋರಿಗೆ ಸುಸ್ತೇ ಆಗಲ್ವಂತೆ."

"ನನಗೆ ಈಗಲೇ ಸುಸ್ತಾಗಿದೆ."

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಇವರಿಗಂತೂ ಚೆನ್ನಾಗಿ ಗೊತ್ತು. ಅದಕ್ಕೇ ಹಿಂದಿನ ದಿನವೇ ಒಪ್ಪಂದಕ್ಕೆ ಬಂದಿದ್ದರು. "ಒಂದೇ ಒಂದ್ಸಲ ಹಿಂದೆ ಕೂತು ಬಾ. ಇಳಿದ ಮೇಲೆ ನೀನು ಬೇಡ ಅಂದ್ರೆ, ಈ ಜನ್ಮದಲ್ಲಿ ಇದರ ಸುದ್ದಿ ಎತ್ತಲ್ಲ" ಎಂದಿದ್ದರು. ಬೇಡ ಎನ್ನಲು ಬಾಯಿ ಸಿದ್ಧ ಮಾಡಿಕೊಂಡೇ ನಾನು ಹೊರಟಿದ್ದೆ. ಬಟ್ಟೆ ಹೊಲಿಯುವವಳು ನಾನು, ಅಳತೆ ತಪ್ಪಿದ್ದು ನೋಡಿದರೆ ಆಗುವುದಿಲ್ಲ. ಅರವತ್ತರ ಹತ್ತಿರ ಬಂದ ಗಂಡಸಿಗೆ ಇದು ಅಳತೆ ತಪ್ಪಿದ ಬೈಕು.

ಹಾಗಂತ ಇವರಿಗೆ ಗಾಡಿ ಓಡಿಸಲು ಬರುವುದಿಲ್ಲ ಎಂದು ತಿಳಿಯಬೇಡಿ. ಇವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಊರಿನ ಅರ್ಧಕ್ಕರ್ಧ ಜನ ಸ್ಟಿಯರಿಂಗ್ ಹಿಡಿದದ್ದು ಇವರ ಪಕ್ಕ ಕೂತೇ. ಎಡಗಡೆ ಸೀಟಿನಲ್ಲಿ ಇವರು, ಕಾಲ ಕೆಳಗೆ ಇವರದೇ ಒಂದು ಬ್ರೇಕು. ಊರಿಗೆಲ್ಲ ಕಲಿಸಿದವರು ನನಗೆ ಮಾತ್ರ ಕಲಿಸಲಿಲ್ಲ. ಕೇಳಿದಾಗಲೆಲ್ಲ "ನಾನಿದೀನಲ್ಲ, ನಿನಗ್ಯಾಕೆ?" ಎನ್ನುತ್ತಿದ್ದರು. ಈ ಮಾತಿಗೆ ಒಂದು ಕಾಲದಲ್ಲಿ ನಾನು ಕರಗಿಯೂ ಹೋಗುತ್ತಿದ್ದೆ.

ನಾನು ಕಲಿತದ್ದು ಹಿಂದೆ ಕೂರುವುದನ್ನು. ಅದೂ ಒಂದು ವಿದ್ಯೆಯೇ. ಮದುವೆಯಾದ ಹೊಸದರಲ್ಲಿ ಇವರ ಬೈಕಿನ ಸೈಲೆನ್ಸರ್ ಒಡೆದು, ಅದು ಕಿವಿ ಕಿತ್ತುಹೋಗುವ ಹಾಗೆ ಅರಚುತ್ತಿತ್ತು. ನಾನು ಏನು ಕೂಗಿದರೂ ಇವರಿಗೆ ಕೇಳುತ್ತಿರಲಿಲ್ಲ. ಆಗ ಶುರುವಾದದ್ದು ನಮ್ಮ ತಟ್ಟುವ ಭಾಷೆ. ಎಡಗಡೆಯಿಂದ ಗಾಡಿ ಬಂದರೆ ಎಡಭುಜಕ್ಕೆ ತಟ್ಟುತ್ತೇನೆ. ಬೆನ್ನಿಗೆ ಗುದ್ದಿದರೆ ನಿಲ್ಲಿಸಬೇಕು. ಗುದ್ದಿಗೆ ಯಾಕೆ ಎಂದು ಕೇಳುವ ಹಾಗಿಲ್ಲ. ಮೊದಲು ನಿಲ್ಲಬೇಕು, ಜಗಳ ಆಮೇಲೆ. ಒಮ್ಮೆ ನನ್ನ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ನೆನಪಾಗಿ ಸೇತುವೆಯ ಮಧ್ಯದಲ್ಲಿ ಗುದ್ದಿದ್ದೆ. ಅಲ್ಲೇ ನಿಂತರು. ಹಿಂದಿದ್ದವರೆಲ್ಲ ಬಾಯಿಗೆ ಬಂದಂತೆ ಬೈದರು, ಇವರು ಮಾತ್ರ ಬೈಯಲಿಲ್ಲ. ಇನ್ನು ನಾನು ಏನೂ ತಟ್ಟದೆ ಸುಮ್ಮನೆ ಕೂತಿದ್ದರೆ ದಾರಿ ಖಾಲಿ ಎಂದು ಲೆಕ್ಕ. ಸೈಲೆನ್ಸರ್ ರಿಪೇರಿಯಾಯಿತು, ಬೈಕುಗಳು ಬದಲಾದವು, ಈ ಭಾಷೆ ಮಾತ್ರ ಉಳಿಯಿತು.

ಹೋದ ವರ್ಷದಿಂದ ಇವರಿಗೆ ನಾನಿಲ್ಲದೆ ಕಾಲೇ ಏಳುತ್ತಿರಲಿಲ್ಲ. ತರಕಾರಿಗೂ "ಬಾರೇ", ಕರೆಂಟ್ ಬಿಲ್ ಕಟ್ಟೋಕೂ "ಬಾರೇ". ಎದುರುಮನೆಯಾಕೆ ಬಾಗಿಲಲ್ಲಿ ನಿಂತು, "ಏನ್ರೀ ಮೇಷ್ಟ್ರೇ, ಹೊಸದಾಗಿ ಮದುವೆ ಆದೋರ ಹಾಗೆ ಮಾಡ್ತೀರಲ್ಲ!" ಎಂದು ಕಾಲೆಳೆಯುತ್ತಿದ್ದಳು. ನಾನು ಹೊರಗೆ ಗೊಣಗುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಗಿರಾಕಿಗಳ ಬಟ್ಟೆ ಬದಿಗಿಟ್ಟು, ಇವರ ಜೊತೆ ಹೊರಗೆ ಹೋಗೋಕೆಂದೇ ನನಗೆ ಎರಡು ಹೊಸ ಚೂಡಿದಾರ ಹೊಲಿದುಕೊಂಡಿದ್ದೆ. ಆ ದಿನ ಹಾಕಿಕೊಂಡಿದ್ದೂ ಅದರಲ್ಲೊಂದನ್ನೇ.

ಶೋರೂಮಿನಲ್ಲಿ ನಮ್ಮನ್ನು ನೋಡಿಕೊಳ್ಳಲು ಒಬ್ಬ ಗಡ್ಡದವನಿದ್ದ. ಟೆಸ್ಟ್ ರೈಡಿಗೆ ಬಂದವರ ಮುಂದೆ ಇನ್ನೊಂದು ಬೈಕಿನಲ್ಲಿ ಹೋಗಿ ದಾರಿ ತೋರಿಸುವುದು ಅವನ ಕೆಲಸ. ಇಂಜಿನ್ನು, ಸಸ್ಪೆನ್ಷನ್ನು ಎಂದು ಅವನು ಪುರಾಣ ಶುರುಮಾಡಿದರೆ ಇವರು ಅದಕ್ಕೆಲ್ಲ ಹೂಂಗುಟ್ಟಿ ಒಂದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದರು.

"ಪಕ್ಕದಲ್ಲಿ ಗಾಡಿ ಬಂದ್ರೆ ಅದೇ ಹೇಳುತ್ತೆ ಅಂದ್ರಲ್ಲ, ಹೇಗೆ?"

"ರೇಡಾರ್ ಇರುತ್ತೆ ಸರ್. ಗಾಡಿ ಹತ್ತಿರ ಬಂದ್ರೆ ಲೈಟ್ ಹತ್ತುತ್ತೆ. ಆದ್ರೆ ಈ ಟೆಸ್ಟ್ ರೈಡ್ ಗಾಡೀಲಿ ಇಲ್ಲ, ಮೇಲಿನ ಮಾಡೆಲ್‌ನಲ್ಲಿದೆ."

"ಎಡಗಡೆಗೂ ಇರುತ್ತಾ?"

"ಎರಡೂ ಕಡೆ ಇರುತ್ತೆ ಸರ್."

ಅಷ್ಟರಲ್ಲಿ ಇವರ ಫೋನು ಬಡಿದುಕೊಂಡಿತು. ಕಾರು ಕಲಿಯುತ್ತಿದ್ದ ಒಬ್ಬ ನರ್ಸು. ರಸ್ತೆಗೆ ಇಳಿಯಲು ಆಕೆಗೆ ಹೆದರಿಕೆ, ನಾಳೆ ಮೊದಲ ಸಲ ದೊಡ್ಡ ರಸ್ತೆಯ ಪಾಠ. ಇವರು ನಗುತ್ತಾ ಹೇಳಿದರು: "ಏನೂ ಹೆದರ್ಕೋಬೇಡಿ. ನೀವು ಮುಂದೆ ನೋಡಿ ಸಾಕು. ಎಡಗಡೆ ನಾನ್ ನೋಡ್ಕೋತೀನಿ." ಫೋನು ಜೇಬಿಗಿಟ್ಟು ತಿರುಗಿದವರು, ಎಡಕ್ಕೆ ನಿಲ್ಲಿಸಿದ್ದ ಬೋರ್ಡಿಗೆ ಢಿಕ್ಕಿ ಹೊಡೆದು ಬೀಳಿಸಿದರು. ಬೈಕು ನೋಡಿ ತಲೆ ತಿರುಗಿದೆ ಎಂದು ನಾನು ನಕ್ಕೆ.

ಹೊರಡುವ ಮುಂಚೆ ಜಾಕೆಟ್ ಹಾಕಲೇಬೇಕಂತೆ, ಶೋರೂಮಿನ ರೂಲು. ಗಡ್ಡದವನು ಇಬ್ಬರಿಗೂ ತಂದುಕೊಟ್ಟ. ಇವರಿಗೆ ತೊಡಿಸುವಾಗ ನನ್ನ ಕೈ ಸುಮ್ಮನಿರದೆ ಹೊಲಿಗೆ ಹುಡುಕಿತು. ಭುಜದಲ್ಲಿ ಅಂಗೈ ಅಗಲದ ಗಟ್ಟಿ ಚಿಪ್ಪು, ಮೊಣಕೈಗೊಂದು, ಬೆನ್ನಿಗೆ ಉದ್ದಕ್ಕೂ ಒಂದು ಹಲಗೆ.

"ಇದನ್ನ ಹೊಲಿದಿಲ್ಲ, ಸಿಮೆಂಟು ಹಾಕಿ ಕಟ್ಟಿದಾರೆ" ಎಂದೆ.

"ಬಿದ್ರೂ ಏನೂ ಆಗಲ್ಲಮ್ಮ" ಎಂದ ಗಡ್ಡದವನು. "ಸುತ್ತಿಗೆ ತಗೊಂಡು ಹೊಡೆದ್ರೂ ಗೊತ್ತಾಗಲ್ಲ."

ಆ ಮಾತಿನ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ. ಸ್ಟೂಲಿನ ಮೇಲೆ ನಿಂತು, ಇವರ ಭುಜ ಹಿಡಿದು, ಹೇಗೋ ಕಾಲೆತ್ತಿ ಹಾಕಿ ಕೂತೆ. ನನ್ನ ತಲೆ ಇವರ ತಲೆಗಿಂತ ಮೇಲೆ ಬಂತು. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು.

ಗೇಟು ದಾಟಿ ಬೀದಿಗೆ ಬಂದಾಗ ಇವರು ಓಡಿಸಿದ ರೀತಿ ನೋಡಿ, ಬೇಡ ಎನ್ನಬೇಕೆಂದಿದ್ದ ನನ್ನ ಬಾಯಿ ಸ್ವಲ್ಪ ಸಡಿಲವಾಯಿತು. ಅಷ್ಟು ದೊಡ್ಡ ಗಾಡಿಯನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜನರ ನಡುವೆ ನಡೆಸಿಕೊಂಡು ಹೋದರು. ಮುಂದೆ ಗಡ್ಡದವನು, ಹಿಂದೆ ನಾವು. ಮೇಲೆ ಕೂತವಳಿಗೆ ಎಲ್ಲ ಕಾಣುತ್ತಿತ್ತು, ಕಾರುಗಳ ಟಾಪು, ಅಂಗಡಿಗಳ ತಗಡು, ಒಣಹಾಕಿದ ಬಟ್ಟೆ. ಔಷಧಿ ಅಂಗಡಿಯ ಮುಂದೆ ಎಡಕ್ಕೆ ನಿಂತಿದ್ದ ಕಾರೊಂದರ ಬಾಗಿಲು ತೆರೆಯತೊಡಗಿತು. ಎಡಭುಜಕ್ಕೆ ತಟ್ಟಿದೆ.

ಇವರು ಪಕ್ಕಕ್ಕೆ ಸರಿಯಲಿಲ್ಲ. ಪೆಟ್ಟಿಗೆಯ ಮೂಲೆ ಬಾಗಿಲಿಗೆ ಕೂದಲೆಳೆಯಲ್ಲಿ ತಪ್ಪಿತು. ಒಳಗಿದ್ದವನು ಕಾಲು ಎಳೆದುಕೊಂಡು ಏನೋ ಅರಚಿದ. ಹೊಸ ಗಾಡಿಯ ಮದ ಎಂದುಕೊಂಡು, "ನಿಧಾನ ರೀ!" ಎಂದು ಕಿರುಚಿದೆ. ನನ್ನ ಮಾತು ನನ್ನ ಹೆಲ್ಮೆಟ್ಟಿನೊಳಗೇ ಸುತ್ತಿ ನನ್ನ ಕಿವಿಗೇ ಬಿತ್ತು.

ಹೆದ್ದಾರಿಗೆ ಬಂದೆವು. ಗಡ್ಡದವನು ವೇಗ ಹೆಚ್ಚಿಸಿದ, ಇವರೂ ಹೆಚ್ಚಿಸಿದರು. ಗಾಳಿ ನನ್ನ ಕತ್ತು ಹಿಡಿದು ಹಿಂದಕ್ಕೆ ದಬ್ಬುತ್ತಿತ್ತು. ಆಗ ಎಡಗಡೆಯಿಂದ ಒಂದು ಬಸ್ಸು ನಮಗೆ ಸರಿಸಮ ಬಂತು. ಭುಜಕ್ಕೆ ತಟ್ಟಿದೆ. ಏನೂ ಇಲ್ಲ. ಜೋರಾಗಿ ತಟ್ಟಿದೆ. ಏನೂ ಇಲ್ಲ. ಮುಂದಿದ್ದವನು ಎಡಕ್ಕೆ ಸರಿದ, ಅವನ ಹಿಂದೆ ಇವರೂ ಬೈಕನ್ನು ಎಡಕ್ಕೆ ವಾಲಿಸತೊಡಗಿದರು. ಆ ಬಸ್ಸಿನ ಗೋಡೆ ನನ್ನ ಮೊಣಕಾಲಿನ ಹತ್ತಿರ ಬರುತ್ತಿತ್ತು. ಚಕ್ರದ ನಟ್ಟುಗಳು ತಿರುಗುವುದು ಕಾಣುತ್ತಿತ್ತು. ಕಿಟಕಿಯಿಂದ ಒಬ್ಬ ಹೆಂಗಸು ನನ್ನನ್ನೇ ಬಾಯಿ ಬಿಟ್ಟು ನೋಡುತ್ತಿದ್ದಳು. ಇದು ಸೈಕಲ್ಲಲ್ಲ, ಇಲಿಯಲ್ಲ, ಬಸ್ಸು! ಯಾರಿಗೆ ಕಾಣುವುದಿಲ್ಲ?

ಬಸ್ಸು ಹಾರ್ನ್ ಹೊಡೆಯಿತು. ಇವರು ಬೆಚ್ಚಿಬಿದ್ದು ಬೈಕನ್ನು ಬಲಕ್ಕೆ ಎಳೆದರು. ಆಮೇಲೆ ಎಡಕ್ಕೆ ನೋಡಿದರು. ಕಣ್ಣು ತಿರುಗಿಸಿ ನೋಡಲಿಲ್ಲ, ಮುಖವನ್ನೇ ಪೂರ್ತಿ, ಗದ್ದ ಭುಜಕ್ಕೆ ತಾಗುವಷ್ಟು ತಿರುಗಿಸಿ ನೋಡಿದರು.

ಆ ಒಂದು ನೋಟದಲ್ಲಿ ನನಗೆ ಎಲ್ಲವೂ ಹೊಳೆದುಬಿಟ್ಟಿತು. ಊಟದ ಮೇಜಿನಲ್ಲಿ ಎಡಗಡೆ ಇಟ್ಟ ಲೋಟವನ್ನು ಇವರು ದಿನಾ ಉರುಳಿಸುತ್ತಿದ್ದರು, "ಕೈಯಲ್ಲೇನು ತೂತಾ?" ಎಂದು ನಾನು ದಿನಾ ಬೈಯುತ್ತಿದ್ದೆ. ಸೋಫಾದಲ್ಲಿ ಯಾರು ಬಂದರೂ ಎಡತುದಿಗೇ ಹೋಗಿ ಕೂತು ಎಲ್ಲರನ್ನೂ ಬಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಅಂಗಡಿಯ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡು ನೀಲಿಗಟ್ಟಿದ್ದಕ್ಕೆ ಎಣ್ಣೆ ಹಚ್ಚಿದವಳು ನಾನೇ. ನನ್ನ ಗಂಡನಿಗೆ ಎಡಗಣ್ಣು ಕಾಣುತ್ತಿಲ್ಲ. ಒಂದು ವರ್ಷದಿಂದ ಈ ಮನುಷ್ಯ ನನ್ನ ತಟ್ಟಿನ ಮೇಲೆ ಬೈಕು ಓಡಿಸುತ್ತಿದ್ದಾರೆ. ಇವತ್ತು ಭುಜದ ಮೇಲೆ ಚಿಪ್ಪು ಕೂತಿದೆ, ನನ್ನ ತಟ್ಟು ಒಳಗೆ ಹೋಗುತ್ತಿಲ್ಲ.

ಜೀವ ಬಾಯಿಗೆ ಬಂದದ್ದು ಅದಕ್ಕಲ್ಲ, ಅದರ ಮುಂದಿನದು ಹೊಳೆದಾಗ. ನಾನು ತಟ್ಟದಿದ್ದರೆ ದಾರಿ ಖಾಲಿ. ನನ್ನ ತಟ್ಟು ಮುಟ್ಟುತ್ತಿಲ್ಲ ಎಂದು ಇವರಿಗೆ ಗೊತ್ತಿಲ್ಲ. ಎಡಗಡೆ ಏನೂ ಇಲ್ಲ, ನನ್ನ ಹೆಂಡತಿ ಸುಮ್ಮನೆ ಕೂತಿದ್ದಾಳೆ ಎಂದು ನನ್ನನ್ನು ನಂಬಿಕೊಂಡು ಇವರು ಆರಾಮಾಗಿ ಹೋಗುತ್ತಿದ್ದಾರೆ.

ಬೆನ್ನಿಗೆ ಗುದ್ದಿದೆ. ನನ್ನ ಬೆರಳ ಗಂಟು ಹಲಗೆಗೆ ಬಡಿದು ನೋವಾಯಿತು, ಅಷ್ಟೇ. ಇನ್ನೊಮ್ಮೆ ಗುದ್ದಿದೆ. ಸೊಂಟ ಚಿವುಟಲು ಹೋದೆ, ದಪ್ಪ ಜಾಕೆಟ್ಟು ಬೆರಳಿಗೆ ಸಿಕ್ಕಲಿಲ್ಲ. ಹೆಲ್ಮೆಟ್ಟಿನಿಂದ ಹೆಲ್ಮೆಟ್ಟಿಗೆ ಕುಟ್ಟಿದೆ. ಗೇರು ಬದಲಾಯಿಸಿದಾಗೆಲ್ಲ ಹೆಲ್ಮೆಟ್ಟುಗಳು ತಾವಾಗೇ ಕುಟ್ಟಿಕೊಳ್ಳುತ್ತಿದ್ದವು, ಇವರು ಅದನ್ನೂ ಹಾಗೇ ತಿಳಿದರು. ಎಡಗೈಯಿಂದ ಪಕ್ಕದ ಕಂಬಿ ಬಿಗಿಯಾಗಿ ಹಿಡಿದು ಬಲಗೈ ಎತ್ತಿ ಮುಂದಿದ್ದ ಗಡ್ಡದವನಿಗೆ ಕಾಣಲೆಂದು ಜೋರಾಗಿ ಬೀಸಿದೆ. ಅವನು ಕನ್ನಡಿಯಲ್ಲಿ ನೋಡಿದ. ಅಮ್ಮನಿಗೆ ಖುಷಿಯಾಗಿದೆ ಎಂದುಕೊಂಡನೇನೋ, ಹೆಬ್ಬೆರಳೆತ್ತಿ ತೋರಿಸಿ ಇನ್ನಷ್ಟು ವೇಗ ಹೆಚ್ಚಿಸಿದ. ನಿನ್ನ ಗಡ್ಡಕ್ಕೆ ಬೆಂಕಿ ಬೀಳ!

ಎಡಗಡೆಯಿಂದ ಒಂದು ಲಾರಿ ಹೋಯಿತು, ಒಂದು ವ್ಯಾನು ಹೋಯಿತು. ಒಂದೊಂದಕ್ಕೂ ನಾನು ತಟ್ಟಿದೆ. ತಟ್ಟಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ತಟ್ಟಿದೆ. ಕೈ ತಾನಾಗಿ ಹೋಗುತ್ತಿತ್ತು. ಸಿಟ್ಟು, ಭಯ, ಅಳು ಮೂರೂ ಒಟ್ಟಿಗೆ ಬಂದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಅವತ್ತು ತಿಳಿಯಿತು. ಮೂಗು ಸೋರುತ್ತದೆ, ಹೆಲ್ಮೆಟ್ಟಿನಲ್ಲಿ ಒರೆಸಿಕೊಳ್ಳಲೂ ಆಗುವುದಿಲ್ಲ.

ವಾಪಸು ಬರಲು ಹೆದ್ದಾರಿಯಿಂದ ಎಡಕ್ಕೆ ಇಳಿದು ಪಕ್ಕದ ಸಣ್ಣ ರಸ್ತೆ ಸೇರಬೇಕಿತ್ತು. ಗಡ್ಡದವನು ಸಿಗ್ನಲ್ ಹಾಕಿ ಇಳಿದುಹೋದ. ಇವರೂ ಸಿಗ್ನಲ್ ಹಾಕಿ ವೇಗ ಇಳಿಸಿದರು. ಅಷ್ಟರಲ್ಲಿ ನಮ್ಮ ಎಡಕ್ಕೇ, ರಸ್ತೆಯ ಅಂಚಿನಲ್ಲಿ ನೇರವಾಗಿ ಹೋಗುತ್ತಿದ್ದ ಒಂದು ಸೈಕಲ್ಲು ನನಗೆ ಕಂಡಿತು. ಹಿಂದಿನ ಕ್ಯಾರಿಯರಿನಲ್ಲಿ ಮೊಟ್ಟೆಯ ಟ್ರೇಗಳು ಆಳೆತ್ತರಕ್ಕೆ ಕಟ್ಟಿದ್ದವು. ತುಳಿಯುವವನು ತಲೆ ಬಗ್ಗಿಸಿ, ಲೋಕದ ಪರಿವೆಯೇ ಇಲ್ಲದೆ ತುಳಿಯುತ್ತಿದ್ದ.

ಇವರು ಬೈಕನ್ನು ಎಡಕ್ಕೆ ತಿರುಗಿಸಿದರು, ಅವನ ಮೇಲಕ್ಕೇ.

ಯೋಚನೆ ಮಾಡಿ ಮಾಡಿದ್ದಲ್ಲ. ಊಟ ಬೇಡ ಎಂದು ಮುಖ ತಿರುಗಿಸುವ ಮಗುವಿನ ಮುಖ ಹಿಡಿದು ತಿರುಗಿಸುತ್ತೇವಲ್ಲ, ಹಾಗೆ ಎರಡೂ ಕೈಯಲ್ಲಿ ಇವರ ಹೆಲ್ಮೆಟ್ಟು ಹಿಡಿದು ಎಡಕ್ಕೆ ತಿರುಗಿಸಿಬಿಟ್ಟೆ. ಇವರ ಬಲಗಣ್ಣು ಸೈಕಲ್ಲನ್ನು ಕಂಡಿತು. ಬ್ರೇಕು ಕಚ್ಚಿತು. ನಾನು ಇವರ ಬೆನ್ನಿಗೆ ಹೋಗಿ ಅಪ್ಪಳಿಸಿದೆ. ಬೈಕು ನಿಂತಿತು, ನಿಂತು ಒಂದು ಗಳಿಗೆ ಯೋಚನೆ ಮಾಡಿ ನಿಧಾನಕ್ಕೆ ಬಲಕ್ಕೆ ವಾಲಿತು. ಇವರ ಕಾಲು ನೆಲಕ್ಕೆ ಸರಿಯಾಗಿ ಎಟಕಲಿಲ್ಲ. ಮೂವರೂ ಬಿದ್ದೆವು, ಇವರು, ನಾನು, ಅದು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಹಾಗೆ ಬೈಕು ತನ್ನ ಪೆಟ್ಟಿಗೆಯ ಮೇಲೆ ಒರಗಿಕೊಂಡು ಗುರುಗುಡುತ್ತಲೇ ಇತ್ತು. ನಮಗೂ ಜಾಕೆಟ್ಟಿನ ದಯೆಯಿಂದ ಚರ್ಮ ತರಚಲಿಲ್ಲ. ಸೈಕಲ್ಲಿನವನು ಗಾಬರಿಯಿಂದ ಅಡ್ಡ ಎಳೆದು ಕಾಲೂರಿ ನಿಂತಿದ್ದ. ಮೇಲಿನ ಟ್ರೇಗಳು ಜಾರಿ ರಸ್ತೆಯ ಮೇಲೆ ಬಿದ್ದಿದ್ದವು. ಡಾಂಬರಿನ ಮೇಲೆ ಹಳದಿ ಹರಿಯುತ್ತಿತ್ತು. ಮೊಟ್ಟೆ ಒಡೆದಿತ್ತು, ಅವನ ತಲೆ ನೆಟ್ಟಗಿತ್ತು. ನನಗೆ ಅಷ್ಟು ಸಾಕಾಗಿತ್ತು.

ಅವನು ಇವರ ಎದುರಿಗೆ ಬಂದು ನಿಂತು ಕೇಳಿದ: "ಏನ್ರೀ, ಕಣ್ಣು ಕಾಣಲ್ವೇನ್ರೀ?"

ಗಾಡಿ ಓಡಿಸುವವರಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಇವರ ಹತ್ತಿರ ಇದಕ್ಕೆ ಉತ್ತರ ಯಾವಾಗಲೂ ಸಿದ್ಧವಿರುತ್ತಿತ್ತು. "ನನಗೆ ಕಾಣುತ್ತೆ ಕಣಯ್ಯಾ, ನಿನ್ನ ಇಂಡಿಕೇಟರ್ ಎಲ್ಲಿ?" ಎಂದು ಶುರುಮಾಡಿದರೆ ರಸ್ತೆಯ ಮಧ್ಯದಲ್ಲೇ ಒಂದು ಪಾಠ ಮುಗಿಸಿ ಬರುತ್ತಿದ್ದರು. ನಾನು ಆ ಉತ್ತರಕ್ಕಾಗಿ ಕಾದೆ. ನಾನು ತಿಳಿದದ್ದು ತಪ್ಪಾಗಿರಲಿ, ಇವರು ಬಾಯಿ ತೆಗೆದು ಅವನಿಗೆ ನಾಲ್ಕು ಬೈಯಲಿ ಎಂದು ಆಸೆಪಟ್ಟೆ.

ಇವರು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡು ಒಡೆದ ಮೊಟ್ಟೆಗಳನ್ನು ನೋಡುತ್ತಾ ನಿಂತರು.

ನನ್ನ ಚೀಲದಲ್ಲಿದ್ದದ್ದನ್ನೆಲ್ಲ ತೆಗೆದು ಸೈಕಲ್ಲಿನವನ ಕೈಗೆ ಹಾಕಿ, "ತಪ್ಪಾಯ್ತಪ್ಪ" ಎಂದೆ. ಅವನು ಉಳಿದ ಟ್ರೇಗಳನ್ನು ಬಿಗಿದು ಕಟ್ಟಿ, ಬೈಯುತ್ತಲೇ ಹೊರಟ. ಗಡ್ಡದವನು ತಿರುಗಿ ಬಂದು, ಇವರ ಜೊತೆ ಸೇರಿ ಬೈಕನ್ನು ಎತ್ತಿ ರಸ್ತೆಯ ಬದಿಗೆ ನಿಲ್ಲಿಸಿದ. "ಪರವಾಗಿಲ್ಲ ಸರ್, ಭಾರದ ಗಾಡಿ, ಎಲ್ಲರೂ ಒಂದ್ಸಲ ಬೀಳಿಸ್ತಾರೆ. ಸುಧಾರಿಸ್ಕೊಳ್ಳಿ" ಎಂದು ನೀರಿನ ಬಾಟಲಿ ಕೊಟ್ಟು, ಶೋರೂಮಿಗೆ ಫೋನು ಮಾಡಲು ಆಚೆ ಹೋದ.

ಬಾಗಿಲು ಹಾಕಿದ್ದ ಟಯರ್ ಅಂಗಡಿಯ ಕಟ್ಟೆಯ ಮೇಲೆ ಇವರು ಜಾಕೆಟ್ಟು ಬಿಚ್ಚಿ ಇಟ್ಟು ಕೂತರು. ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ನಾನು ಎದುರಿಗೆ ನಿಂತೆ.

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಹತ್ರ ನಾಟಕ ಬೇಡ ರೀ. ಎಡಗಣ್ಣು ಯಾವಾಗಿಂದ ಕಾಣ್ತಿಲ್ಲ?"

ಇವರು ನೀರು ಕುಡಿದರು. ಕುಡಿಯುವುದು ಬೇಗ ಮುಗಿಯಬಾರದು ಎನ್ನುವ ಹಾಗೆ ಕುಡಿದರು. "ಹೋದ ವರ್ಷ" ಎಂದರು. "ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸ್ದೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಹಾಳಾಗಿದೆಯಂತೆ. ಹೋಗಿದ್ದು ಬರಲ್ವಂತೆ. ಬಲಗಣ್ಣಿಗೆ ದಿನಾ ಹನಿ ಹಾಕ್ಬೇಕು. ಕಾರಲ್ಲಿ ಇಟ್ಕೊಂಡಿದೀನಿ."

"ನನಗೆ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಗಾಡಿ ಮುಟ್ಟೋಕೆ ಬಿಡ್ತಿದ್ಯಾ?"

"ಇಲ್ಲ!"

"ಮತ್ತೆ?"

ಈ ಮನುಷ್ಯನ ಧೈರ್ಯ ನೋಡಿ! ಸಿಕ್ಕಿಬಿದ್ದ ಮೇಲೂ 'ಮತ್ತೆ' ಎಂದು ನನ್ನನ್ನೇ ಕೇಳುತ್ತಾರೆ. ನನ್ನ ಹೊಟ್ಟೆಯಲ್ಲಿದ್ದ ಇನ್ನೊಂದು ಪ್ರಶ್ನೆ ಆಗ ಹೊರಗೆ ಬಂತು. ಅದನ್ನು ಕೇಳಬಾರದು ಎಂದುಕೊಂಡಿದ್ದೆ.

"ಅದಕ್ಕೇನಾ ಎಲ್ಲಾ ಕಡೆ ಬಾ ಬಾ ಅಂತ ಕರ್ಕೊಂಡು ಹೋಗ್ತಿದ್ದಿದ್ದು? ನಾನು ನಿಮ್ಮ ಹೆಂಡ್ತಿನೋ, ಸೈಡ್ ಮಿರರ್ರೋ? ಹೊಸ ಚೂಡಿದಾರ ಬೇರೆ ಹೊಲ್ಕೊಂಡೆ ನಾನು, ಹುಚ್ಚಿ! ಎದುರುಮನೆಯವಳ ಮುಂದೆ ನಾಚ್ಕೊಂಡೆ!"

ಚೂಡಿದಾರದ ಮಾತು ಬರಬಾರದಿತ್ತು, ಬಂದುಬಿಟ್ಟಿತು. ಇವರು ನನ್ನ ಕಡೆ ಪೂರ್ತಿ ಮುಖ ತಿರುಗಿಸಿದರು.

"ಮೊದಮೊದಲು ಕಣ್ಣಿಗೋಸ್ಕರಾನೇ ಕರ್ಕೊಂಡು ಹೋದೆ. ಸುಳ್ಳು ಹೇಳಲ್ಲ."

"ಆಮೇಲೆ?"

"ಆಮೇಲೆ ನಡ್ಕೊಂಡು ಹೋಗೋ ಕಡೆಗೂ ಕರೆದೆನಲ್ಲ. ಅದಕ್ಕೆ ಕಣ್ಣು ಬೇಕಾಗಿರಲಿಲ್ಲ."

ಮೂಲೆ ಅಂಗಡಿಗೆ ಹಾಲು ತರಲು ಹೋಗುವಾಗಲೂ ಕರೆಯುತ್ತಿದ್ದದ್ದು ನಿಜ. ಅದನ್ನು ಯೋಚಿಸುತ್ತಾ ಕೂರಲು ನನಗೆ ಆಗ ಪುರುಸೊತ್ತಿರಲಿಲ್ಲ. ಸಿಟ್ಟಿನ ಸರದಿ ಇನ್ನೂ ಮುಗಿದಿರಲಿಲ್ಲ.

"ಈ ಆನೆ ಗಾತ್ರದ್ದು ಯಾಕೆ ಬೇಕಾಗಿತ್ತು?"

"ಇದರ ಮೇಲಿನ ಮಾಡೆಲ್‌ನಲ್ಲಿ ರೇಡಾರ್ ಇದೆ. ಎಡಗಡೆದು ಅದೇ ಹೇಳುತ್ತೆ. ಅದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಇನ್ನೊಂದಷ್ಟು ವರ್ಷ ನಡೀತಿತ್ತು."

"ಕಾರಲ್ಲಿ ರೇಡಾರ್ ಇದೆಯಾ?"

ಇವರು ಬಾಟಲಿಯ ಮುಚ್ಚಳ ತಿರುಗಿಸಿದರು.

"ನಾಳೆ ಆ ನರ್ಸಿನ ಪಕ್ಕ ಕೂತ್ಕೋತೀರಲ್ಲ, ಅವಳಿಗೆ ಹೇಳಿದ್ರಲ್ಲ, ಎಡಗಡೆ ನಾನ್ ನೋಡ್ಕೋತೀನಿ ಅಂತ. ಯಾವ ಕಣ್ಣಲ್ಲಿ ನೋಡ್ಕೋತೀರಿ?"

"ತಿರುಗಿ ತಿರುಗಿ ನೋಡ್ತೀನಿ. ಒಂದು ವರ್ಷದಿಂದ ಹಾಗೇ ನಡೀತಿದೆ, ಏನೂ ಆಗಿಲ್ಲ."

"ಇವತ್ತು ಆಯ್ತಲ್ಲ."

"ಇವತ್ತು ಆಗಿದ್ದು ಜಾಕೆಟ್ಟಿಂದ!" ಎಂದು ದನಿ ಎತ್ತಿದರು. ಆಮೇಲೆ ಮೆಲ್ಲಗೆ, "ಮೇಷ್ಟ್ರು ಅನ್ನೋದು ಬಿಟ್ರೆ ನಾನು ಇನ್ನೇನು ಹೇಳು? ನಿನಗೆ ಕತ್ತರಿ ಇದೆ, ಮಿಷನ್ ಇದೆ. ನನಗೆ ಆ ಸೀಟು ಬಿಟ್ಟು ಕೂರೋಕೆ ಇನ್ನೊಂದು ಜಾಗ ಇಲ್ಲ ಕಣೇ" ಎಂದರು.

ನಾನು ಇವರ ಜಾಕೆಟ್ಟು ಎತ್ತಿ ಮಡಿಸತೊಡಗಿದೆ. ಇವರು ಅದನ್ನೇ ಒಪ್ಪಿಗೆ ಎಂದು ತಿಳಿದರೋ ಏನೋ, ಕಟ್ಟೆಯಿಂದ ಎದ್ದರು.

"ಶೋರೂಮು ಇಲ್ಲೇ ಹತ್ರ. ನಿಧಾನಕ್ಕೆ ಹೋಗೋಣ. ಜಾಕೆಟ್ ಹಾಕ್ಕೊಳಲ್ಲ, ನೀನು ಯಾವತ್ತಿನ ಹಾಗೆ ತಟ್ಟು. ಗಾಡಿ ವಾಪಸ್ ಕೊಟ್ಟು, ಮನೆಗೆ ಹೋಗಿ ಜಗಳ ಆಡೋಣ."

"ನಾನು ಹತ್ತಲ್ಲ."

"ಹಾಗಾದ್ರೆ ನೀನು ಇಲ್ಲೇ ಇರು, ನಾನೊಬ್ಬನೇ ಬಿಟ್ಟು ಬರ್ತೀನಿ."

"ಬೇಡ ರೀ."

"ಇಷ್ಟು ದೂರಕ್ಕೆ ಏನಾಗುತ್ತೆ?"

ಕಾಲೆತ್ತಿ ಹಾಕಿ ಕೂತೇಬಿಟ್ಟರು. ಸ್ಟ್ಯಾಂಡು ಒದ್ದರು. ಇಂಜಿನ್ನು ಗುಡುಗಿತು. ಬೈಕಿನ ಮೂತಿ ರಸ್ತೆಯ ಕಡೆಗಿತ್ತು, ಎಡಗಡೆಯಿಂದ ಒಂದರ ಹಿಂದೊಂದು ಗಾಡಿಗಳು ಬರುತ್ತಿದ್ದವು. ಇವರು ಬಲಕ್ಕೆ ನೋಡಿದರು, ಮುಂದೆ ನೋಡಿದರು. ಗಡ್ಡದವನು ಇನ್ನೂ ಫೋನಿನಲ್ಲೇ ಇದ್ದ. ನಾನು ಬೇಡ ಎಂದು ಹೇಳಿ ಆಗಿತ್ತು. ಅಳುವುದೂ ಆಗಿತ್ತು. ಬೈಯುವುದೂ ಆಗಿತ್ತು. ಮಾತಿಗೆ ಇವರ ಹತ್ತಿರ ಮಾತಿರುತ್ತದೆ. ಮೇಷ್ಟ್ರಲ್ಲವೇ.

ಇವರ ಹಿಂದಕ್ಕೆ ಹೋದೆ. ಮುಷ್ಟಿ ಬಿಗಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ಆ ಒದ್ದೆ ಬೆನ್ನಿಗೆ ಒಂದು ಗುದ್ದಿದೆ.

ಈ ಸಲ ಅದು ಮುಟ್ಟಿತು. ಇವರ ಮೈ ಪೂರ್ತಿ ಅಲ್ಲಾಡಿದ್ದು ನನ್ನ ಕೈಗೆ ಗೊತ್ತಾಯಿತು. ಇವರು ಹಿಂತಿರುಗಿ ನೋಡಲಿಲ್ಲ. ಯಾಕೆ ಎಂದು ಕೇಳಲಿಲ್ಲ. ಬಲಗೈ ತಾನಾಗಿ ಎದ್ದು ಗುಂಡಿ ಒತ್ತಿತು, ಇಂಜಿನ್ನು ನಿಂತಿತು. ಅವತ್ತು ಆ ಸೇತುವೆಯ ಮೇಲೆ ನಿಂತ ಹಾಗೇ ನಿಂತರು.

ಗಾಡಿಗಳು ಹೋಗುತ್ತಲೇ ಇದ್ದವು. ನಾನು ಕೈ ತೆಗೆಯಲಿಲ್ಲ, ಇವರು ಇಳಿಯಲಿಲ್ಲ. ಆಮೇಲೆ ಇವರು ಸ್ಟ್ಯಾಂಡು ಹಾಕಿ, ಜೇಬಿನಿಂದ ಫೋನು ತೆಗೆದು, ಕಣ್ಣಿಗೆ ಹತ್ತಿರ ಹಿಡಿದು ಒಂದು ನಂಬರು ಹುಡುಕಿ ಒತ್ತಿದರು.

"ಮೇಡಂ, ನಾನು ಡ್ರೈವಿಂಗ್ ಮೇಷ್ಟ್ರು. ನಾಳೆ ಬರಬೇಡಿ... ಇಲ್ಲ ಇಲ್ಲ, ನಿಮ್ಮ ತಪ್ಪಲ್ಲ, ನೀವು ಚೆನ್ನಾಗೇ ಓಡಿಸ್ತೀರಿ. ಬೇರೆ ಮೇಷ್ಟ್ರನ್ನ ನಾನೇ ಹುಡುಕಿ ಕೊಡ್ತೀನಿ." ಆ ಕಡೆಯಿಂದ ಆಕೆ ಯಾಕೆ ಸರ್, ಯಾಕೆ ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಇವರ ಬೆನ್ನು ಒಮ್ಮೆ ಮೇಲೆದ್ದು ಇಳಿಯಿತು.

"ನನಗೆ ಎಡಗಣ್ಣು ಕಾಣಲ್ಲಮ್ಮ" ಎಂದರು.

ನನ್ನ ಮುಷ್ಟಿ ಇನ್ನೂ ಇವರ ಬೆನ್ನ ಮೇಲೇ ಇತ್ತು. ಅದನ್ನು ಬಿಚ್ಚಿ, ಅಂಗೈಯನ್ನು ಹಾಗೇ ಅಲ್ಲಿಟ್ಟೆ.